ಅಂಗೈ ಕಾಣದ ಸೆಲ್ಯೂಟ್

ಟಿಕ್...

ಬೆನ್ನ ಹಿಂದೆ ಕೇಳಿಸಿದ್ದು ಅಷ್ಟೇ ಸಣ್ಣ ಸದ್ದು. ಆದರೆ ಯಶೋಧರಾಳ ಕೈ ತಾನಾಗಿಯೇ ತೊಡೆಯ ಮೇಲಿದ್ದ ಛತ್ರಿಯನ್ನು ಬಿಗಿಯಾಗಿ ಹಿಡಿಯಿತು.

ಮಡಿಸಿದ ಚಾಕು ಬಿಚ್ಚಿಕೊಳ್ಳುವ ಸದ್ದು ಅದು! ಅನುಮಾನವೇ ಇಲ್ಲ...

ಹಾಸನದಿಂದ ಕೊಣನೂರಿಗೆ ಹೋಗುವ ಕೊನೆಯ ಬಸ್ಸು ಗೊರೂರು ದಾಟಿದ ಮೇಲೆ ಟೈರ್ ಪಂಕ್ಚರ್ ಆಗಿ ನಿಂತು ಮುಕ್ಕಾಲು ಗಂಟೆಯಾಗಿತ್ತು. ಗಂಟೆ ಹನ್ನೊಂದು ಮೀರಿತ್ತು. ಕೆಳಗೆ ಡ್ರೈವರ್ ಸ್ಪ್ಯಾನರ್ ಸಿಗದೆ ಯಾರೊಂದಿಗೋ ಫೋನಿನಲ್ಲಿ ಜಗಳವಾಡುತ್ತಿದ್ದ. ಒಬ್ಬನ ಹೊರತು ಗಂಡಸರೆಲ್ಲ ಇಳಿದು ಅವನಿಗೆ ಸಲಹೆ ಕೊಡುತ್ತಿದ್ದರು.

ಬಸ್ಸಿನೊಳಗೆ ಉಳಿದದ್ದು ಮೂರೇ ಜನ. ಅರಕಲಗೂಡಿನಲ್ಲಿ ಇಳಿಯಬೇಕಿದ್ದ ಯಶೋಧರಾ, ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಅಜ್ಜಿಯ ಪಕ್ಕ ಒಬ್ಬ ಗಡ್ಡದ ಗಂಡಸು.

'ತಿರುಗಿ ನೋಡಲಾ? ಬೇಡವಾ? ಅಜ್ಜಿಗೇನಾದರೂ ಮಾಡಿಬಿಟ್ಟರೆ...'

ಅವಳು ತಟ್ಟನೆ ಎದ್ದು ತಿರುಗಿದಳು. ಛತ್ರಿ ಮುಂದಿತ್ತು.

"ಚಾಕು ಒಳಗಿಡಿ!"

ಗಡ್ಡದವನು ತಲೆಯೆತ್ತಿದ. ಒಂದು ಕೈಯಲ್ಲಿ ಚಾಕು, ಇನ್ನೊಂದು ಕೈಯಲ್ಲಿ ಅರ್ಧ ಸೀಬೆಹಣ್ಣು.

"ಇನ್ನರ್ಧ ಬಾಕಿ ಐತೆ ಮೇಡಂ," ಎಂದ ಅವನು ಬಹಳ ವಿನಯದಿಂದ. "ಮುಗಿಸಿ ಇಡ್ಲಾ?"

"ಅಯ್ ನನ್ನವ್ವಾ, ನಂಗೆ ಹಲ್ಲಿಲ್ಲ ಕಣೇ!" ಅಜ್ಜಿ ಬೊಚ್ಚುಬಾಯಿ ತೆರೆದು ತೋರಿಸಿಯೇಬಿಟ್ಟಳು. "ತೆಳ್ಳುಗೆ ಎಚ್ಚಿ ಕೊಡ್ತಾವ್ನೆ ಪುಣ್ಯಾತ್ಮ. ನೀನ್ಯಾಕವ್ವಾ ಅಂಗೆ ಕೊಡೆ ಎತ್ಕೊಂಡು ಯುದ್ಧಕ್ಕೆ ಬಂದ್ಬುಟ್ಟೆ?"

ಯಶೋಧರಾಳ ಕಿವಿಯವರೆಗೂ ಬಿಸಿಯೇರಿತು. ಕುಳಿತುಕೊಂಡಳು. ಹಿಂದಿನಿಂದ ಒಂದು ಹೋಳು ಅವಳ ಭುಜದ ಪಕ್ಕಕ್ಕೆ ಬಂತು.

"ಬೇಡ. ಪರಿಚಯ ಇಲ್ಲದವರು ಕೊಟ್ಟಿದ್ದು ನಾನು ತಿನ್ನಲ್ಲ."

"ಸರಿಯಾಗೇ ಹೇಳಿದ್ರಿ. ನನ್ ತಂಗಿಗೂ ಅದನ್ನೇ ಹೇಳ್ತೀನಿ," ಎಂದು ಹೋಳನ್ನು ತಾನೇ ತಿಂದುಬಿಟ್ಟ!

ಕೊನೆಗೂ ಬಸ್ಸು ಹೊರಟಿತು. ಕಂಡಕ್ಟರ್ ಅವನ ಪಕ್ಕ ಬಂದು ಕುಳಿತು ಮಾತಿಗೆಳೆದ.

"ಕೊಣನೂರಾ ಸಾ? ಏನ್ ಕೆಲ್ಸ ಮಾಡ್ಕಂಡಿದೀರಾ?"

"ಮಿಲಿಟರಿ ಕಣಣ್ಣ. ರಜಕ್ಕೆ ಬಂದಿದೀನಿ."

ಮುಂದಿನ ಸೀಟಿನಲ್ಲಿ ಯಶೋಧರಾ ಮೆಲ್ಲಗೆ ಮುಗುಳ್ನಕ್ಕಳು. ಮಿಲಿಟರಿ! ಅವಳ ಅಪ್ಪ ಗಂಗಯ್ಯ ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಸುಬೇದಾರರಾಗಿ ನಿವೃತ್ತರಾದವರು. ಈಗಲೂ ದಿನಾ ಬೆಳಗಿನ ಜಾವ ಐದಕ್ಕೆ ಎದ್ದು ಗಡ್ಡ ಬೋಳಿಸಿ, ಸೇನೆ ಸೇರಬಯಸುವ ಊರಿನವರಿಗೆ ಕವಾಯತು ಹೇಳಿಕೊಡುತ್ತಾರೆ. 'ಮಿಲಿಟರಿ' ಎಂಬ ಪದ ಕಿವಿಗೆ ಬಿದ್ದರೆ ಅವಳಿಗೆ ಮನೆಯ ಅಂಗಳಕ್ಕೆ ಬಂದಷ್ಟು ನೆಮ್ಮದಿ.

ಆದರೆ... ಈ ಗಡ್ಡ?

ರಜೆಯಲ್ಲಿದ್ದಾನಲ್ಲ, ಬಿಟ್ಟಿರಬಹುದು ಎಂದುಕೊಂಡಳು.

*

ಅವನ ಹೆಸರು ಪೃಥ್ವಿರಾಜ್. ಕೊಣನೂರಿನ ದ್ಯಾವಯ್ಯ, ಮಾದಮ್ಮ ದಂಪತಿಯ ಮಗ. ತಂಗಿ ಶಾಂತಿಯನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಲು ವಾರವೆಲ್ಲ ಹಾಸನಕ್ಕೆ ಓಡಾಡುತ್ತಿದ್ದ. ಯಶೋಧರಾ ಹಾಸನದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಇಬ್ಬರದ್ದೂ ಬೆಳಗಿನ ಒಂದೇ ಬಸ್ಸು.

ಶಾಂತಿಗೆ ಸೀಟು ಸಿಕ್ಕಿತು. ಓಡಾಟ ಮುಗಿಯಿತು. ಆದರೂ ಮರುದಿನ ಬಸ್ಸು ಅರಕಲಗೂಡಿಗೆ ಬಂದಾಗ ಕಿಟಕಿಯಲ್ಲಿ ಅದೇ ಗಡ್ಡ!

"ಇವತ್ತೇನು ಕೆಲಸ ಹಾಸನದಲ್ಲಿ?" ಯಶೋಧರಾ ಕೇಳಿದಳು.

"ಪೆನ್ನಿಗೆ ರೀಫಿಲ್ ತಗೋಬೇಕು."

"ಕೊಣನೂರಲ್ಲಿ ರೀಫಿಲ್ ಸಿಗಲ್ವಾ?"

"ಸಿಗ್ತದೆ. ಆದ್ರೆ ಅದನ್ನ ತರೋಕೆ ಈ ಬಸ್ಸು ಹತ್ಬೇಕಾಗಿಲ್ವಲ್ಲ..."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ನಗು ಕಾಣಿಸಬಾರದೆಂದು. ಆದರೆ ಕಿಟಕಿಯ ಗಾಜಿನಲ್ಲಿ ಅದು ಕಂಡೇ ಕಂಡಿತು.

ಅವಳು ಯಾರನ್ನೂ ಬೇಗ ನಂಬುವವಳಲ್ಲ. ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡುವವಳು. ಒಂದು ಮೆಸೇಜು ಕಳಿಸುವ ಮುಂಚೆ ನಾಲ್ಕು ಸಲ ಓದುವವಳು. ಅಂಥವಳಿಗೆ ಈ ಮನುಷ್ಯನ ಪಕ್ಕ ಕುಳಿತಾಗ ಮಾತ್ರ ಯಾವ ನಿಲ್ದಾಣ ಬಂತು, ಯಾವುದು ಹೋಯಿತು ಎಂಬುದೇ ತಿಳಿಯುತ್ತಿರಲಿಲ್ಲ.

"ನಿಮಗೆ ಪೋಸ್ಟಿಂಗ್ ಎಲ್ಲಿ?" ಒಮ್ಮೆ ಕೇಳಿದ್ದಳು.

"ಕಾರವಾರದ ಕಡೆ. ಕೆಲ್ಸದ ವಿಷ್ಯ ಅದಕ್ಕಿಂತ ಜಾಸ್ತಿ ಹೇಳಂಗಿಲ್ಲ, ಬೇಜಾರ್ ಮಾಡ್ಕೋಬೇಡಿ."

"ಗೊತ್ತು. ನಮ್ಮಪ್ಪನೂ ಹಾಗೇ. ರಿಟೈರ್ ಆಗಿ ಹತ್ತು ವರ್ಷ ಆಯ್ತು, ಇನ್ನೂ ಬಾಯಿ ಬಿಡಲ್ಲ."

ಆಮೇಲೆ ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅಲ್ಲೇ ಇತ್ತು ಎಡವಟ್ಟು!

ಆಗಸ್ಟ್ ಮೊದಲ ಭಾನುವಾರ ಯಶೋಧರಾ, ಅವಳ ಸಹೋದ್ಯೋಗಿ ಸಿಂಧು ಮತ್ತು ಪೃಥ್ವಿರಾಜ್ ದೊಡ್ಡಗದ್ದವಳ್ಳಿಗೆ ಹೋಗಿದ್ದರು. ದೇವಸ್ಥಾನದ ಪಕ್ಕದ ಕೆರೆಯ ಏರಿಯ ಮೇಲೆ ಸಿಂಧು ಬೇಕೆಂದೇ ಹಿಂದೆ ಉಳಿದಳು. ಪೃಥ್ವಿರಾಜ್ ಎಷ್ಟೋ ಹೊತ್ತು ನೀರನ್ನೇ ನೋಡುತ್ತಿದ್ದ.

"ಯಶೋಧರಾ ಅವರೇ... ನಿಮ್ಗೊಂದು ವಿಷ್ಯ ಹೇಳ್ಬೇಕು."

"ಹೇಳಿ..."

"ಈಗ್ಲೇ ಬೇಡ. ಹದಿನೈದಕ್ಕೆ ನಮ್ ಸ್ಕೂಲಲ್ಲಿ ಬಾವುಟ ಹಾರ್ಸೋಕೆ ಕರೆದಿದಾರೆ. ಅದಾದ್ಮೇಲೆ ನಿಮ್ ಮನೆಗೇ ಬಂದು, ನಿಮ್ಮಪ್ಪಾಜಿ ಮುಂದೇನೇ ಹೇಳ್ತೀನಿ."

ಅಪ್ಪನ ಮುಂದೆ! ಅವಳು ಬೇಕೆಂದೇ ಕೆರೆಯಲ್ಲಿದ್ದ ಬಾತುಕೋಳಿಗಳನ್ನು ಎಣಿಸತೊಡಗಿದಳು. ನಾಲ್ಕಿದ್ದವು. ಏಳು ಎಂದು ಎಣಿಸಿದಳು.

*

ಆ ವಾರವೇ ಸಿಂಧು ಗ್ರಂಥಾಲಯದ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದಳು. ಸಿಂಧುವಿನ ಊರು ಚನ್ನರಾಯಪಟ್ಟಣ.

"ಯಶೂ, ಕೇಳಿದ್ಯಾ? ನುಗ್ಗೇಹಳ್ಳಿ ಕಡೆ ಒಬ್ಬ ಮಿಲಿಟರಿ ಅಂತ ಹೇಳ್ಕೊಂಡು ಮೂರು ಮನೇಲಿ ನಿಶ್ಚಿತಾರ್ಥ ಮಾಡ್ಕೊಂಡಿದ್ನಂತೆ! ಸೇನೆನೂ ಇಲ್ಲ, ಸೋನೆನೂ ಇಲ್ಲ. ಯೂನಿಫಾರಂ ಬಾಡಿಗೆದಂತೆ ಕಣೇ. ಮೂರನೇ ಮನೇಲಿ ಸಿಕ್ಕಿಬಿದ್ದು ಓಡಿಹೋದ. ಇನ್ನೂ ಸಿಕ್ಕಿಲ್ಲ."

"ನೋಡೋಕೆ ಹೇಗಿದ್ನಂತೆ?"

"ಎತ್ತರಕ್ಕೆ, ಚೆನ್ನಾಗಿದ್ನಂತೆ. ಗಡ್ಡ ಬಿಟ್ಟಿದ್ನಂತೆ." ಹೇಳಿದ ಮೇಲೆ ಸಿಂಧು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಗಡ್ಡ ಎಲ್ಲರಿಗೂ ಇರುತ್ತೆ ಬಿಡು!"

ಎಲ್ಲರಿಗೂ ಇರುತ್ತದೆ, ನಿಜ. ಆದರೆ ಸೇನೆಯಲ್ಲಿರುವವರಿಗೆ? ಅಪ್ಪ ರಜೆಗೆ ಬಂದಾಗಲೂ ಒಂದು ದಿನ ಗಡ್ಡ ಬಿಟ್ಟವರಲ್ಲ. ಕಾರವಾರದಲ್ಲಿ ಯಾವ ಗಡಿ ಇದೆ ಕಾಯಲು? 'ಕೆಲಸದ ವಿಷಯ ಹೇಳಂಗಿಲ್ಲ' ಎಂದರೆ... ಹೇಳಲು ಏನೂ ಇಲ್ಲವೆಂದೇ?

'ಛೇ! ಎಂಥ ಮನಸ್ಸು ನನ್ನದು...'

ಅವಳು ಮನಸ್ಸಿಗೆ ಬೈದುಕೊಂಡಳು. ಆದರೆ ಆ ರಾತ್ರಿ ಬೀಗವನ್ನು ಐದು ಸಲ ಎಳೆದು ನೋಡಿದಳು.

ಆಗಸ್ಟ್ ಹದಿನೈದರ ಮಧ್ಯಾಹ್ನ ಪೃಥ್ವಿರಾಜ್ ಒಂದು ವಿಡಿಯೊ ಕಳಿಸಿದ. ಕೊಣನೂರಿನ ಅವನ ಹಳೆಯ ಶಾಲೆಯ ಮೈದಾನ. ಬಿಳಿ ಅಂಗಿ ತೊಟ್ಟ ಪೃಥ್ವಿರಾಜ್ ಹಗ್ಗ ಎಳೆದು ಬಾವುಟ ಬಿಚ್ಚುತ್ತಾನೆ. ಹೂಗಳು ಉದುರುತ್ತವೆ. "ಸೆಲ್ಯೂಟ್ ಹೊಡೀರಿ ಸಾ, ಮಕ್ಕಳು ನೋಡ್ಲಿ!" ಎಂದು ಮೇಷ್ಟ್ರು ಕೂಗುತ್ತಾರೆ. ಅವನು ಒಂದು ಕ್ಷಣ ಹಿಂದೆಮುಂದೆ ನೋಡಿ ಕೈಯೆತ್ತುತ್ತಾನೆ...

ಯಶೋಧರಾ ವಿಡಿಯೊ ನಿಲ್ಲಿಸಿದಳು.

ಮತ್ತೆ ನೋಡಿದಳು. ಮತ್ತೆ...

ಅಂಗೈ ಕಾಣುತ್ತಿಲ್ಲ!

ಕೈ ಹಣೆಯ ಬಳಿ ಬಂದಿದೆ, ಆದರೆ ಅಂಗೈ ನೆಲದ ಕಡೆಗೆ ಮಗುಚಿಕೊಂಡಿದೆ. ಹತ್ತು ವರ್ಷದಿಂದ ಅವಳು ಬೆಳಗಿನ ನಿದ್ದೆಯಲ್ಲಿ ಕೇಳಿದ್ದೇ ಅಪ್ಪನ ಆ ಕೂಗು: "ಅಂಗೈ ಮುಂದುಕ್ಕೆ! ಎದುರ್ಗಿರೋನಿಗೆ ಅಂಗೈಲಿರೋ ಗೆರೆ ಕಾಣ್ಬೇಕು ಕಣ್ಲಾ!" ಸೇನೆ ಸೇರಿದ ಮೊದಲ ವಾರ ಕಲಿಸುವುದೇ ಅದನ್ನು. ಅದನ್ನೂ ಕಲಿಯದವನು...

ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅವಳು ಕೇಳಲಿಲ್ಲ. ಕೇಳಿದರೆ ಅವನು ಸುಳ್ಳು ಹೇಳಬಹುದು, ಆ ಸುಳ್ಳನ್ನು ಅವನ ಬಾಯಿಂದ ಕೇಳುವ ಶಕ್ತಿ ತನಗಿಲ್ಲ ಎಂಬ ಭಯ ಅವಳಿಗೆ.

ನಾಲ್ಕು ಸಲ ಓದಿ, ತಿದ್ದಿ, ಒಂದು ಮೆಸೇಜು ಕಳಿಸಿದಳು.

"ಸೈನ್ಯದ ಹೆಸರು ಹೇಳಿ ಹುಡುಗಿಯರನ್ನು ನಂಬಿಸುವುದು ದೊಡ್ಡ ಮೋಸ. ನೀವು ಸೈನಿಕರಲ್ಲ ಎಂದು ನನಗೆ ತಿಳಿಯಿತು. ಇನ್ನು ನನ್ನನ್ನು ಸಂಪರ್ಕಿಸಬೇಡಿ."

ನಂಬರನ್ನು ಬ್ಲಾಕ್ ಮಾಡಿದಳು. ಮನೆಯಲ್ಲಿ ತಲೆನೋವೆಂದು ಹೇಳಿ ಹೊಳೆನರಸೀಪುರದ ಅತ್ತೆಯ ಮನೆಗೆ ಹೋಗಿ ಎರಡು ದಿನ ಇದ್ದುಬಂದಳು. ಅಲ್ಲಿ ಅತ್ತಳೋ ಎಂದರೆ, ಈರುಳ್ಳಿ ಹೆಚ್ಚುವ ಕೆಲಸವನ್ನೆಲ್ಲ ತಾನೇ ಕೇಳಿ ಮಾಡಿದಳು.

ವಾಪಸು ಬಂದಾಗ ಕಾಲೇಜಿನ ವಾಚ್‌ಮನ್ ಹೇಳಿದ: "ಮೇಡಂ, ಗಡ್ಡದೋರೊಬ್ರು ಬಂದಿದ್ರು. ಬೆಳಿಗ್ಗೆಯಿಂದ ಸಂಜೆಗಂಟ ಗೇಟ್ ತಾವೇ ನಿಂತಿದ್ರು. ಏನ್ ಬೇಕು ಸಾ ಅಂದ್ರೆ ಏನೂ ಇಲ್ಲ ಅಂದ್ರು. ರಜ ಮುಗೀತು ಅಂತ ಒಂಟೋದ್ರು."

ಬೆಳಗಿನ ಬಸ್ಸಿನ ಕಿಟಕಿಯಲ್ಲಿ ಆಮೇಲೆ ಯಾರೂ ಇರಲಿಲ್ಲ.

*

ಡಿಸೆಂಬರ್ ನಾಲ್ಕು. ಸಂಜೆ.

ಗಂಗಯ್ಯ ಟಿ.ವಿ. ಮುಂದೆ ಕುಳಿತು ಗೊಣಗುತ್ತಿದ್ದರು. ಅಮ್ಮ ಶಿವಗಂಗಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಯಶೋಧರಾ ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೊದ ಧೂಳು ಒರೆಸುತ್ತಿದ್ದಳು.

"ನೋಡು ಶಿವಗಂಗಾ, ಇವತ್ತು ನೌಕಾಪಡೆ ದಿನ. ಎಲ್ಲಾ ಎಂಗೆ ಬೆಳ್ಳುಗೆ ಮಿಂಚ್ತಾವ್ರೆ! ಕೊಕ್ಕರೆ ಸಾಲು ನಿಂತಂಗೆ. ನಾವು ಕೆಸರಲ್ಲಿ ತೆವಳಿದ್ದೂ ತೆವಳಿದ್ದೇ, ಇವ್ರು ಇಸ್ತ್ರಿ ಮುರೀದೆ ಯುದ್ಧ ಮಾಡ್ತಾರೆ!"

"ನಿಮ್ಗೆ ಒಟ್ಟೆಕಿಚ್ಚು," ಎಂದರು ಅಮ್ಮ.

ಯಶೋಧರಾ ಸುಮ್ಮನೆ ತಿರುಗಿ ನೋಡಿದಳು. ಪರದೆಯ ಮೇಲೆ ಬಿಳಿ ಸಮವಸ್ತ್ರದ ಸಾಲು. ಒಟ್ಟಿಗೇ ಕೈಗಳು ಮೇಲೆದ್ದವು.

ಅವಳ ಕೈಯಿಂದ ಒರೆಸುವ ಬಟ್ಟೆ ಜಾರಿತು.

"ಅಪ್ಪಾ! ಅವರೆಲ್ಲ... ಅವರೆಲ್ಲ ತಪ್ಪಾಗಿ ಸೆಲ್ಯೂಟ್ ಹೊಡೀತಿದಾರೆ!"

"ತಪ್ಪಲ್ಲ ಕಣವ್ವಾ. ಅದು ನೇವಿ ಸೆಲ್ಯೂಟು."

"ಅಂಗೈ ಕಾಣ್ತಾನೇ ಇಲ್ಲ..."

"ಕಾಣ್ಬಾರ್ದು! ನಾವು ನೆಲದೋರು ಅಂಗೈ ಬಿಚ್ಚಿ ತೋರಿಸ್ತೀವಿ, ಕೈಲಿ ಆಯುಧ ಇಲ್ಲ ನೋಡಪ್ಪಾ ಅಂತ. ಅವ್ರು ಹಡಗಲ್ಲಿ ಹಗ್ಗ ಎಳ್ದು, ಎಣ್ಣೆ ಡಾಂಬರು ಮುಟ್ಟಿ ಅಂಗೈಯೆಲ್ಲ ಕರ್ರಗಾಗಿರ್ತದೆ. ಕೊಳೆ ಕೈ ತೋರ್ಸೋದು ಮರ್ವಾದೆ ಅಲ್ಲ ಅಂತ ನೆಲುದ್ ಕಡೆ ಮಡಗ್ತಾರೆ ಅಂತ ನಮ್ಗೆ ಕವಾಯತು ಕಲಿಸ್ದ ಉಸ್ತಾದ್ ಹೇಳೋರು. ಇನ್ನ ಏರ್‌ಫೋರ್ಸೋರು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ, ಓರೆಯಾಗಿ ಮಡಗ್ತಾರೆ."

"ಮತ್ತೆ ಅವರಲ್ಲಿ ಕೆಲವರಿಗೆ... ಗಡ್ಡ?"

"ಅದೊಂದು ಸುಖ ಅವ್ರಿಗೆ! ನೇವೀಲಿ ಪರ್ಮಿಷನ್ ತಗಂಡು ಗಡ್ಡ ಬಿಡ್ಬೋದು. ನಮ್ಮಲ್ಲಿ ಬಿಟ್ಟಿದ್ರೆ ಮೈದಾನ ಹತ್ತು ಸುತ್ತು ಓಡಿಸೋರು."

"ಕಾರವಾರದಲ್ಲಿ..."

"ದೊಡ್ಡ ನೌಕಾನೆಲೆ ಐತಲ್ಲವ್ವಾ! ಲೈಬ್ರರೀಲಿ ಕೆಲ್ಸ ಮಾಡ್ತೀಯ, ಅಷ್ಟೂ ಗೊತ್ತಿಲ್ವಾ?"

ಯಶೋಧರಾ ನೆಲದ ಮೇಲೆ ಕುಸಿದು ಕುಳಿತಳು. ಅವರೆಕಾಯಿಯ ಮೊರದ ಮುಂದೆ, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು...

"ಏನಾಯ್ತೇ?" ಅಮ್ಮ ಗಾಬರಿಯಾದರು.

ಎಲ್ಲವನ್ನೂ ಹೇಳಿದಳು. ಬಸ್ಸು, ಸೀಬೆಹಣ್ಣು, ರೀಫಿಲ್, ಕೆರೆ, ವಿಡಿಯೊ, ಕೊನೆಗೆ ಆ ಮೆಸೇಜು. ಮಾತುಗಳನ್ನು ಅಳೆದು ತೂಗಿ ಆಡುವ ಮಗಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಗಂಗಯ್ಯ ಎಂದೂ ಕಂಡಿರಲಿಲ್ಲ. ಟಿ.ವಿ. ಆರಿಸಿದರು.

"ಅವ್ನನ್ನ ಕರ್ದು ಕೇಳಿದ್ಯಾ, ನೀನ್ಯಾರಪ್ಪಾ ಅಂತ?"

"ಇಲ್ಲ..."

"ಅನುಮಾನ ಬಂದಿದ್ದು ತಪ್ಪಲ್ಲ ಕಣವ್ವಾ. ನಂ ಸೆಂಟ್ರಿ ಕತ್ತಲಲ್ಲಿ ಯಾರಾದ್ರೂ ಬಂದ್ರೆ ಮೊದ್ಲು 'ನಿಲ್ಲು, ಯಾರು ಬರ್ತಿರೋದು' ಅಂತ ಕೂಗ್ತಾನೆ. ಉತ್ತರಕ್ಕೆ ಕಾಯ್ತಾನೆ. ಕೇಳ್ದೇನೇ ಗುಂಡು ಹಾರ್ಸೋನು ಸೆಂಟ್ರಿ ಅಲ್ಲ."

ಅವಳಿಗೆ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ನಾನು ಕ್ಷಮೆ ಕೇಳ್ಬೇಕು ಅಪ್ಪಾ. ಅವರು ಒಪ್ಪಿದರೆ... ನನಗೆ ಅವರೇ ಬೇಕು."

ಗಂಗಯ್ಯ ಹುಬ್ಬು ಗಂಟಿಕ್ಕಿದರು.

"ಕ್ಷಮೆ ಕೇಳು. ಆದ್ರೆ ಮದ್ವೆ? ನೇವಿಯೋನ್ಗಾ? ಊಹೂಂ! ಆರ್ಮಿ ಹುಡ್ಗ ಆದ್ರೆ ಮ್ಯಾಪಲ್ಲಿ ಬೆಟ್ಟು ಮಡಗಿ ಇಲ್ಲವ್ನೆ ಅನ್ಬೋದು. ನೀರಿನ್ ಮೇಲಿರೋನ್ನ ಎಲ್ಲವ್ನೆ ಅಂತ ಉಡುಕ್ಲಿ? ನಾನ್ ಒಪ್ಪಾಕಿಲ್ಲ."

"ಓಹೋ!" ಅಮ್ಮ ಮೊರವನ್ನು ಠಪ್ಪನೆ ಕೆಳಗಿಟ್ಟರು. "ಇಪ್ಪತ್ತೆಂಟು ವರ್ಷ ನೀವು ಹಿಮದ್ ಬೆಟ್ಟದ್ ಮೇಲೆ ಕೂತಿದ್ರಲ್ಲ, ನಾನೇನು ಮ್ಯಾಪಲ್ಲಿ ನಿಮ್ ಮುಖ ನೋಡ್ಕಂಡಿದ್ನಾ? ಬೆಟ್ಟಾದ್ರೇನು, ನೀರಾದ್ರೇನು? ಕಾಯೋಳಿಗೆ ಎರಡೂ ಒಂದೇಯ!"

ಸುಬೇದಾರರು ಮತ್ತೆ ಟಿ.ವಿ. ಹಾಕಿಕೊಂಡರು.

*

ಅವಳು ಬ್ಲಾಕ್ ತೆಗೆದು ಕರೆ ಮಾಡಿದಳು. ಸ್ವಿಚ್ ಆಫ್. ಮೆಸೇಜು ಕಳಿಸಿದಳು. ಒಂದೇ ಟಿಕ್.

ಮರುದಿನವೂ ಒಂದೇ ಟಿಕ್. ವಾರವಾಯಿತು. ಹದಿನೈದು ದಿನವಾಯಿತು.

'ನಂಬರ್ ಬದಲಾಯಿಸಿದರಾ? ನನ್ನ ಹೆಸರು ನೋಡಿದರೇ ಬೇಸರವಾ? ಅಥವಾ... ಸಮುದ್ರದಲ್ಲಿ ಏನಾದರೂ...'

ಹೊಸ ವರ್ಷ ಬಂತು. ಜನವರಿಯ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕುಳಿತಿದ್ದಾಗ ಅವಳ ಕಣ್ಣೆದುರಿಗೇ ಒಂದು ಟಿಕ್ ಎರಡಾಯಿತು! ಆಮೇಲೆ ನೀಲಿಯಾಯಿತು.

"ಇವತ್ತು ದಡ ಮುಟ್ಟಿದ್ವಿ. ಸಮುದ್ರದಲ್ಲಿದ್ದೆ, ಫೋನ್ ಇರಲಿಲ್ಲ. ಎಲ್ಲ ಓದಿದೆ. ಭಾನುವಾರ ಊರಲ್ಲಿರ್ತೀನಿ. ಹೊಳೆ ಹತ್ರ ಬರ್ತೀರಾ?"

ಅವಳು ಈ ಸಲ ನಾಲ್ಕು ಸಲ ಓದಲಿಲ್ಲ. "ಬರ್ತೀನಿ!" ಎಂದು ಕಳಿಸಿಯೇಬಿಟ್ಟಳು.

ಭಾನುವಾರ ಅವಳು ಚಪ್ಪಲಿ ಮೆಟ್ಟುವಾಗ ಗಂಗಯ್ಯನೂ ಬೂಟಿನ ಲೇಸು ಕಟ್ಟುತ್ತಿದ್ದರು.

"ನಾನೂ ಬತ್ತೀನಿ. ಒಪ್ಕೊಂಡೆ ಅಂತಲ್ಲ! ಇಂಟರ್‌ವ್ಯೂ ಮಾಡೋಕೆ."

*

ಕೊಣನೂರಿನ ಹೊಳೆ ದಂಡೆ. ಕಾವೇರಿ ಬಿಸಿಲಿನಲ್ಲಿ ತಣ್ಣಗೆ ಹರಿಯುತ್ತಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅವನು ನಿಂತಿದ್ದ. ಸ್ವಲ್ಪ ಕಪ್ಪಾಗಿದ್ದ. ಗಡ್ಡ ಇನ್ನಷ್ಟು ದಟ್ಟವಾಗಿತ್ತು.

"ಹತ್ತು ನಿಮಿಷ ಟೈಮು," ಎಂದು ಗಂಗಯ್ಯ ಗಡಿಯಾರ ನೋಡಿ ಮೇಲಿನ ಟೀ ಅಂಗಡಿಗೆ ಹೋದರು.

ಯಶೋಧರಾಳೇ ಮೊದಲು ಬಾಯಿ ತೆರೆದಳು.

"ನಿಮ್ಮನ್ನ ಕಳ್ಳ ಅಂದುಬಿಟ್ಟೆ..."

"ಕಳ್ಳ ಅನ್ಲಿಲ್ಲ. 'ಸೈನಿಕರಲ್ಲ' ಅಂದ್ರಿ. ಕಳ್ಳ ಅಂದಿದ್ರೆ ಇಷ್ಟು ನೋಯ್ತಿರ್ಲಿಲ್ಲ."

ಅವಳ ಕಣ್ಣು ತುಂಬಿತು. "ಗೇಟ್ ಹತ್ರ ಬಂದವರು ಒಂದು ಮಾತು ಹೇಳಿ ಕಳಿಸಬಾರದಿತ್ತಾ? ಐಡಿ ಕಾರ್ಡ್ ತೋರಿಸಿದ್ರೆ..."

"ಕಾರ್ಡ್ ತೋರ್ಸಿ ಪ್ರೀತಿ ಕೇಳೋಕೆ ಮನಸ್ಸು ಬರ್ಲಿಲ್ಲ ಯಶೋಧರಾ."

ಪ್ರೀತಿ! ಅವನು ಆ ಪದವನ್ನು ಮೊದಲ ಸಲ ಆಡಿದ್ದ. ಅದೂ ಹೀಗೆ...

"ತಪ್ಪು ನಂದೂ ಐತೆ," ಎಂದ ಅವನು ಮೆಲ್ಲಗೆ. "ಊರಲ್ಲಿ ನೇವಿ ಅಂದ್ರೆ 'ಮೀನಿಡಿಯೋಕೆ ಅಷ್ಟ್ ದೂರ ಯಾಕ್ಲಾ ಓಯ್ತೀಯ, ನಮ್ ಹೊಳೇಲಿಲ್ವಾ?' ಅಂತ ಆಡ್ಕೋತಾರೆ. ಅದ್ಕೆ ಎಲ್ಲರ್ಗೂ ಮಿಲಿಟರಿ ಅಂದ್ಬುಡ್ತೀನಿ. ಕೆರೆ ಹತ್ರ ನಿಮ್ಗೆ ಹೇಳ್ಬೇಕು ಅಂದ್ಕೊಂಡಿದ್ದು ಅದೂ ಸೇರಿದಂಗೆ. ಸಮುದ್ರಕ್ಕೆ ಓದ್ರೆ ತಿಂಗ್ಳುಗಟ್ಲೆ ಫೋನಿರಲ್ಲ, ಅಂಥೋನ್ನ ಒಪ್ತೀರಾ ಅಂತ ಕೇಳ್ಬೇಕಿತ್ತು."

"ಕೋಪ ಇದೆಯಾ ಇನ್ನೂ?"

"ಇತ್ತು. ಹಡಗಲ್ಲಿ ಕಾವಲು ನಿಂತಾಗ ದಿನಾ ನಿಮ್ ಜೊತೆ ಮನಸಲ್ಲೇ ಜಗಳ ಆಡ್ತಿದ್ದೆ. ಆಮೇಲೆ ಒಂದಿನ ದೂರ್‌ದಲ್ಲಿ ಒಂದು ಕಪ್ಪು ಚುಕ್ಕಿ ಕಂಡ್ತು. ನೋಡಿದ್ರೆ ಮೀನುಗಾರರ ದೋಣಿ. ಆದ್ರೂ ಸುಮ್ನೆ ಬಿಡಂಗಿಲ್ಲ, ಅನುಮಾನ ಪಡೋದೇ ನಂ ಡ್ಯೂಟಿ. ಆಗ ಅನ್ನಿಸ್ತು, ನಿಮ್ಮಂಥೋರು ನಮ್ ಹಡಗಲ್ಲಿದ್ರೆ ನಾನು ನೆಮ್ಮದಿಯಾಗಿ ಮಲಗ್ಬೋದಲ್ಲ ಅಂತ." ಅವನು ನಕ್ಕ. "ಒಂದೇ ವ್ಯತ್ಯಾಸ. ನಾವು ದೋಣಿಯೋರನ್ನ ಕರ್ದು ಕೇಳ್ತೀವಿ, 'ನೀವು ಯಾರು?' ಅಂತ. ನೀವು ಕೇಳ್ಲಿಲ್ಲ."

ಯಶೋಧರಾ ಕೆನ್ನೆ ಒರೆಸಿಕೊಂಡಳು. ನೆಟ್ಟಗೆ ನಿಂತಳು. ಅವನ ಕಣ್ಣನ್ನೇ ನೋಡಿದಳು.

"ಈಗ ಕೇಳ್ತೀನಿ. ನೀವು ಯಾರು?"

ಅವನ ನಗು ನಿಂತಿತು. ಅವನೂ ನೆಟ್ಟಗೆ ನಿಂತ.

"ಪೃಥ್ವಿರಾಜ್. ಕೊಣನೂರಿನ ದ್ಯಾವಯ್ಯ, ಮಾದಮ್ಮನ ಮಗ. ಭಾರತೀಯ ನೌಕಾಪಡೆ. ಹನ್ನೊಂದು ವರ್ಷದಿಂದ ಸಮುದ್ರದ ಮೇಲಿದೀನಿ..." ಒಂದು ಹೆಜ್ಜೆ ಮುಂದೆ ಬಂದ. "ಆರು ತಿಂಗ್ಳಿಂದ ನಿಮ್ಮನ್ನ ಪ್ರೀತಿಸ್ತಿದೀನಿ. ಅದ್ರಲ್ಲಿ ನಾಲ್ಕು ತಿಂಗ್ಳು ಕೋಪ ಮಾಡ್ಕೊಂಡೇ ಪ್ರೀತಿಸ್ದೆ."

"ನಾನೂ..." ಎಂದಳು ಅವಳು. ಅಷ್ಟರಲ್ಲಿ...

"ಟೈಮಾಯ್ತು!" ಮೇಲಿನಿಂದ ಸುಬೇದಾರರ ಕೂಗು.

*

ಇಂಟರ್‌ವ್ಯೂ ಹೊಳೆ ದಂಡೆಯ ಮೇಲೆಯೇ ಶುರುವಾಯಿತು.

"ರ್‍ಯಾಂಕು?"

"ಪೆಟಿ ಆಫೀಸರ್ ಸಾ."

"ಅಂದ್ರೆ ನಮ್ ಹವಾಲ್ದಾರ್ ಲೆಕ್ಕ. ನಾನು ಸುಬೇದಾರ್. ನಿಮ್ಮಲ್ಲಿ ಏನಂತಾರೆ ನಂಗೆ?"

"ಮಾಸ್ಟರ್ ಚೀಫ್ ಪೆಟಿ ಆಫೀಸರ್ ಸೆಕೆಂಡ್ ಕ್ಲಾಸ್ ಸಾ."

"ಅಯ್ಯಪ್ಪಾ! ಅಷ್ಟುದ್ದ ಕರ್ಯೋಷ್ಟ್ರಲ್ಲಿ ಯುದ್ಧಾನೇ ಮುಗ್ದೋಯ್ತದಲ್ಲೋ! ಸಿವಿಲ್ ಬಟ್ಟೇಲಿ ಸೆಲ್ಯೂಟ್ ಯಾಕೊಡ್ದೆ?"

"ತಪ್ಪಾಯ್ತು ಸಾ. ಮೇಷ್ಟ್ರು ಬಿಡ್ಲಿಲ್ಲ."

"ಹೂಂ... ನಾವು ಮೈನಸ್ ಮೂವತ್ತರಲ್ಲಿ ಬಂದೂಕ ಹಿಡ್ಕಂಡು ನಿಂತಿದ್ವಿ. ನಿಮ್ಗೇನಪ್ಪಾ? ಹಡಗು, ಬಿಸಿ ಊಟ, ಮಲ್ಗಕ್ಕೆ ಮಂಚ. ನೀರ್ ಮೇಲೆ ಕೂತಿರೋದೂ ಒಂದು ಕಷ್ಟವಾ?"

ಪೃಥ್ವಿರಾಜ್ ದಂಡೆಯಲ್ಲಿ ಮಗುಚಿದ್ದ ಒಂದು ತೆಪ್ಪದ ಕಡೆ ನೋಡಿದ. ಮೀನು ಹಿಡಿಯುವ ನಟರಾಜನದು.

"ನೀವು ನಿಂತ ಜಾಗ್‌ದಲ್ಲಿ ನಾನು ಒಂದಿನಾನೂ ನಿಲ್ಲಾರೆ ಸಾ. ನಂ ಜಾಗ ಎಂಗಿರ್ತದೆ ಅಂತ ಐದು ನಿಮಿಷ ತೋರಿಸ್ಲಾ? ಬನ್ನಿ."

ಗಂಗಯ್ಯನ ಮುಖದಲ್ಲಿ ಏನೋ ಅಲುಗಾಡಿತು. ಆದರೆ ಮಗಳು ನೋಡುತ್ತಿದ್ದಳಲ್ಲ!

"ನಡಿ ನಡಿ. ಇದೇನ್ ಮಹಾ!"

ಮೊದಲ ಹತ್ತು ಮಾರು ಸುಬೇದಾರರು ಪೆರೇಡಿನಲ್ಲಿದ್ದಂತೆ ಎದೆಯುಬ್ಬಿಸಿ ಕುಳಿತಿದ್ದರು. ಮಡು ಆಳವಾಗುತ್ತಲೇ ತೆಪ್ಪ ಮೆಲ್ಲಗೆ ಒಂದು ಸುತ್ತು ತಿರುಗಿತು.

"ಲೇ... ಲೇ ಲೇ! ನೆಟ್ಟುಗೆ ನಡ್ಸು!"

"ತೆಪ್ಪಕ್ಕೆ ನೆಟ್ಟುಗೆ ಅನ್ನೋದಿಲ್ಲ ಸಾ."

ಇನ್ನೊಂದು ಸುತ್ತು! ಹಿಮಾಲಯ ಹತ್ತಿ ಇಳಿದಿದ್ದ ಗಂಗಯ್ಯ ಎರಡೂ ಕೈಗಳಿಂದ ಪೃಥ್ವಿರಾಜನ ಅಂಗಿಯನ್ನು ಅಪ್ಪಿ ಹಿಡಿದು ಕಣ್ಣು ಮುಚ್ಚಿಬಿಟ್ಟರು.

"ಅಯ್ಯೋ! ನಂಗೆ ಈಜು ಬರಾಕಿಲ್ಲ ಕಣಪ್ಪಾ! ಬಿಡ್ಬ್ಯಾಡ ನನ್ನ!"

"ಬಿಡಲ್ಲ ಮಾವ. ಹಿಡ್ಕಂಡಿದೀನಿ."

ಹೊಳೆಯ ಮೇಲೆ ಮಾತು ಬಹಳ ದೂರ ಹೋಗುತ್ತದೆ. ದಂಡೆಯಲ್ಲಿ ನಿಂತ ಯಶೋಧರಾಗೆ ಒಂದೊಂದು ಅಕ್ಷರವೂ ಕೇಳುತ್ತಿತ್ತು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು.

ತೆಪ್ಪ ನಿಧಾನಕ್ಕೆ ಸ್ಥಿರವಾಯಿತು. ಅಪ್ಪ ಕೈ ಬಿಡಲಿಲ್ಲ. ಅವರ ದನಿ ಸಣ್ಣದಾಗಿತ್ತು.

"ಇಂಥಾದ್ರಲ್ಲಿ ತಿಂಗ್ಳುಗಟ್ಲೆ ಎಂಗಿರ್ತೀಯಪ್ಪಾ... ಕಾಲಡೀಲಿ ನೆಲಾನೇ ಇಲ್ವಲ್ಲೋ..."

"ದಡದಲ್ಲಿ ಕಾಯೋರವ್ರೆ ಅಂತ ಗೊತ್ತಿದ್ರೆ ಇರ್ಬೋದು ಮಾವ."

ಗಂಗಯ್ಯ ದಂಡೆಯಲ್ಲಿ ನಿಂತ ಮಗಳ ಕಡೆ ನೋಡಿದರು.

"ಅವ್ಳು ಹುಟ್ದಾಗ ನಾನು ಗಡೀಲಿದ್ದೆ. ಮುಖ ನೋಡಿದ್ದೇ ಏಳ್ ತಿಂಗ್ಳಾದ್ ಮೇಲೆ. ನನ್ನ ನೋಡಿ ಎದ್ರುಕೊಂಡು ಅತ್ಬುಟ್ಳು ಕಣ್ಲಾ, ಯಾರೋ ಅಂತ..." ಸುಬೇದಾರರು ಅವನ ಅಂಗಿಯನ್ನು ಇನ್ನೂ ಬಿಗಿಯಾಗಿ ಹಿಡಿದರು. "ಆವತ್ತಿಂದ ಅವ್ಳಿಗೆ ಎಲ್ಲರ್ ಮೇಲೂ ಅನುಮಾನ. ನೀನು ದೂರ ಇದ್ರೂ ಅವ್ಳ ಕೈ ಬಿಡ್ಬ್ಯಾಡಪ್ಪಾ..."

ಅವರು ಅಳುತ್ತಿದ್ದರು. ಯಶೋಧರಾ ಎಂದೂ ಕಂಡಿರದ ದೃಶ್ಯ! ಸೆರಗು ಅವಳ ಬಾಯಿಯಿಂದ ಕಣ್ಣಿಗೆ ಹೋಯಿತು.

ಪೃಥ್ವಿರಾಜ್ ಹುಟ್ಟು ಬದಿಗಿಟ್ಟು ಎರಡೂ ಕೈಗಳಿಂದ ಅವರ ಕೈ ಹಿಡಿದ. ಏನು ಹೇಳಿದನೋ, ಅದೊಂದು ಮಾತ್ರ ಅವಳಿಗೆ ಕೇಳಲಿಲ್ಲ.

ದಂಡೆ ಮುಟ್ಟುವಷ್ಟರಲ್ಲಿ ಗಂಗಯ್ಯ ಮುಖ ತೊಳೆದುಕೊಂಡಿದ್ದರು. ಇಳಿದು, ಅಂಗಿ ಕೊಡವಿ, ಗಂಟಲು ಸರಿಪಡಿಸಿಕೊಂಡರು.

"ಪರ್ವಾಗಿಲ್ಲ. ನೇವೀನೂ... ಪಾಸು. ಹುಡ್ಗ, ನಿಮ್ಮನೆ ಯಾವ್ ಕಡೆ? ನಿಮ್ಮಪ್ಪನ್ನ, ನಿಮ್ಮವ್ವನ್ನ ಮಾತಾಡಿಸ್ಬೇಕು. ನೀವು ಇಂದುಗಡೆ ಬನ್ನಿ."

ಪೃಥ್ವಿರಾಜ್ ಕೈತೋರಿದ ಕಡೆಗೆ ಬೂಟಿನ ಸದ್ದು ಮಾಡುತ್ತ ಏರು ಹತ್ತಿ ಹೋದರು. ಕಾಲು ಮಾತ್ರ ಇನ್ನೂ ಸ್ವಲ್ಪ ನಡುಗುತ್ತಿತ್ತು.

ಯಶೋಧರಾ ಒದ್ದೆ ರೆಪ್ಪೆಯ ಕಣ್ಣುಗಳಿಂದ ಪೃಥ್ವಿರಾಜನನ್ನು ನೋಡಿದಳು. ಅವನ ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು.

"ಹೊಳೆ ಮಧ್ಯೆ ಅಪ್ಪ ಏನಂದ್ರು?"

"ಏನೂ ಇಲ್ಲ. ಮದ್ವೆ ಯಾವಾಗ ಅಂದ್ರು."

"ಅಷ್ಟೇನಾ?"

"ಅಷ್ಟೇ. ಭಾಳ ಧೈರ್ಯವಂತ್ರು ನಿಮ್ಮಪ್ಪ. ಒಂಚೂರೂ ಎದ್ರಲಿಲ್ಲ."

ಅವನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಕಣ್ಣು ಮಿಟುಕಿಸದೆ ಹೇಳಿದ. ಸುಳ್ಳಿಗೆ ಅಷ್ಟು ಹೆದರುತ್ತಿದ್ದ ಯಶೋಧರಾ ಅದನ್ನು ಕೇಳಿ, ಅವನ ಕೈಯೊಳಗೆ ತನ್ನ ಕೈಯಿಟ್ಟಳು.

"ನನಗೆ ಗೊತ್ತು," ಎಂದಳು.

ಏರು ಹತ್ತುವಾಗ ಅವಳ ಫೋನು ಬಡಿದುಕೊಂಡಿತು. ಅಮ್ಮ.

"ಏನಾಯ್ತೇ? ನಿಮ್ಮಪ್ಪ ಏನ್ ಮಾಡಿದ್ರು ಅಲ್ಲಿ?"

ಮುಂದೆ ಅಪ್ಪ ಎದೆಯುಬ್ಬಿಸಿ ನಡೆಯುತ್ತಿದ್ದರು. ಪಕ್ಕದಲ್ಲಿ ಪೃಥ್ವಿರಾಜ್ ಗುಂಡಿಯಿಲ್ಲದ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದ.

ಅಮ್ಮನಿಗೂ ಬೇಡ, ಸಿಂಧುಗೂ ಬೇಡ... ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು.

"ಏನಿಲ್ಲಮ್ಮಾ," ಎಂದಳು ನಗುತ್ತ. "ಅಪ್ಪ ಒಪ್ಪಿಕೊಂಡ್ರು. ಅಷ್ಟೇ!"